ಬಾಯಿಪಾಠದ ಬೆಲೆ

ಬಾಯಿಪಾಠ ಎಂಬ ಮಾತು ಕಿವಿಗೆ ಬಿದ್ದೊಡನೆ ಇಂದಿನ ಹಲವು ವಿದ್ಯಾವಂತರು ಮುಖ ಸಿಂಡರಿಸುತ್ತಾರೆ. ಅರ್ಥವನ್ನರಿಯದೆ ಗಿಳಿಯಂತೆ ಒಪ್ಪಿಸುವುದು, ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದು ಮರುದಿನ ಉತ್ತರಪತ್ರಿಕೆಯ ಮೇಲೆ ಇಳಿಸುವುದು, ಮೂರನೆಯ ದಿನ ಎಲ್ಲವನ್ನೂ ಮರೆತುಬಿಡುವುದು, ಇಷ್ಟೇ ಬಾಯಿಪಾಠವೆಂದು ಅವರು ತಿಳಿದಿದ್ದಾರೆ. ಅಂತಹ ಕಲಿಕೆ ನಿಂದೆಗೆ ಅರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜೊಳ್ಳನ್ನು ತೂರುವ ಭರದಲ್ಲಿ ಕಾಳನ್ನೂ ಗಾಳಿಗೆ ಬಿಡುವುದು ವಿವೇಕವಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ಬಲ್ಲವರ ಜೊತೆಗೂಡಿ, ಹತ್ತು ಜನರ ಕೆಲಸಕ್ಕಾಗಿ ಕಲಿತು ಬಾಳಿನುದ್ದಕ್ಕೂ ನೆನಪಿನಲ್ಲಿ ಇಟ್ಟುಕೊಳ್ಳುವ ಬೇರೊಂದು ಬಗೆಯ ಬಾಯಿಪಾಠವೂ ಉಂಟು. ಅದು ಬುದ್ಧಿಯನ್ನು ಮಂದಗೊಳಿಸುವುದಿಲ್ಲ. ಮನುಷ್ಯನನ್ನು ತನ್ನವರೊಡನೆ ಬೆಸೆಯುತ್ತದೆ. ಅದರ ಸ್ವರೂಪವನ್ನು ಅರಿಯಲು ಮಲೆನಾಡಿನ ದೀಪಾವಳಿಯ ರಾತ್ರಿಗಳನ್ನು ಗಮನಿಸಿದರೆ ಸಾಕು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರದ ಕಾಡುಗಳ ನಡುವೆ ಹರಿದು, ಸಾಗರ ತಾಲ್ಲೂಕಿನ ಅಂಚಿನಲ್ಲಿ ಜೋಗದ ಕಮರಿಗೆ ಧುಮುಕುತ್ತದೆ. ಈ ಮೂರು ತಾಲ್ಲೂಕುಗಳ ಊರುಗಳು ಬಯಲುಸೀಮೆಯ ಊರುಗಳಂತೆ ಒತ್ತೊತ್ತಾಗಿ ಕಟ್ಟಿದವಲ್ಲ. ಅಡಕೆಯ ತೋಟದ ತಲೆಯಲ್ಲಿ ಒಂದು ಮನೆ, ಗದ್ದೆಯ ಬಯಲನ್ನು ದಾಟಿದ ಮೇಲೆ ಇನ್ನೊಂದು, ಗುಡ್ಡವನ್ನೇರಿ ಇಳಿದ ಬಳಿಕ ಮತ್ತೊಂದು. ಮಳೆಗಾಲದ ಉದ್ದಕ್ಕೂ ಹಳ್ಳಗಳು ತುಂಬಿ ಹರಿಯುವ ಆ ನಾಡಿನಲ್ಲಿ ಒಂದು ಮನೆಯವರು ಇನ್ನೊಂದು ಮನೆಯವರನ್ನು ಕಾಣುವುದೇ ಹಿಂದೆ ಪ್ರಯಾಸದ ಕೆಲಸವಾಗಿತ್ತು. ಮಳೆ ಹಿಂದೆಗೆದು, ಗದ್ದೆಯಲ್ಲಿ ತೆನೆ ಬಾಗುವ ಕಾಲಕ್ಕೆ ದೀಪಾವಳಿ ಬರುತ್ತದೆ. ಆಗ ಈ ಚದುರಿದ ಮನೆಗಳನ್ನು ಒಂದೇ ದೀಪದಿಂದ ಪೋಣಿಸುವ ಆಚರಣೆಯೊಂದು ನಡೆಯುತ್ತದೆ. ಊರಿನಿಂದ ಊರಿಗೆ ಉಚ್ಚಾರಣೆ ಬೇರೆಯಾದರೂ ಅದು ಸಾಮಾನ್ಯವಾಗಿ ಅಂಟಿಗೆ-ಪಿಂಟಿಗೆ, ಅಂಟಿಕೆ-ಪಂಟಿಕೆ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿದೆ.

ದೀಪಾವಳಿಯ ದಿನಗಳಲ್ಲಿ ಬಲಿ ಚಕ್ರವರ್ತಿಯು ತನ್ನ ಪ್ರಜೆಗಳನ್ನು ನೋಡಲು ಭೂಮಿಗೆ ಬರುತ್ತಾನೆಂಬುದು ಜನರ ನಂಬಿಕೆ. ಮಲೆನಾಡಿನ ಮನೆಗಳಲ್ಲಿ ಅವನನ್ನು ಬಲೀಂದ್ರನೆಂದು ಕರೆದು ಪೂಜಿಸುತ್ತಾರೆ. ಈ ಹಬ್ಬದ ರಾತ್ರಿಗಳಲ್ಲಿ ಊರಿನ ಗಂಡಸರ ತಂಡವೊಂದು ದೀಪವನ್ನು ಹೊತ್ತಿಸಿಕೊಂಡು ಮನೆಯಿಂದ ಮನೆಗೆ, ಊರಿನಿಂದ ಊರಿಗೆ ಹೊರಡುತ್ತದೆ. ಹೊತ್ತಿಸಿದ ದೀಪ ದಾರಿಯಲ್ಲಿ ಆರಬಾರದು. ಪ್ರತಿಯೊಂದು ಮನೆಯ ಬಾಗಿಲಲ್ಲಿಯೂ ನಿಂತು ಹಾಡಬೇಕು. ಹಾಡನ್ನು ಕೇಳಿ ಮನೆಯವರು ಬಾಗಿಲು ತೆರೆದು ಬರುತ್ತಾರೆ. ತಂದ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಆ ದೀಪದಿಂದ ತಮ್ಮ ಮನೆಯ ದೀಪವನ್ನು ಹೊತ್ತಿಸಿಕೊಳ್ಳುತ್ತಾರೆ. ಹಾಡಿದವರಿಗೆ ಅಕ್ಕಿ, ಕಾಯಿ, ಹಣ, ಹಬ್ಬದ ತಿಂಡಿಗಳನ್ನು ಕೊಟ್ಟು ಕಳುಹಿಸುತ್ತಾರೆ. ಮನೆಯವರಿಗೆ ಒಳಿತನ್ನು ಹಾರೈಸಿ ತಂಡ ಮುಂದಿನ ಮನೆಯ ದಾರಿ ಹಿಡಿಯುತ್ತದೆ.

ಕೇಳುವುದಕ್ಕೆ ಸರಳವಾಗಿ ತೋರುವ ಈ ಕೆಲಸಕ್ಕೆ ಎಷ್ಟು ನೆನಪು ಬೇಕೆಂಬುದನ್ನು ವಿಚಾರಿಸಿ ನೋಡಬೇಕು. ಬಾಗಿಲು ತೆರೆಸುವ ಹಾಡು ಒಂದು, ಜ್ಯೋತಿಯನ್ನು ಹೊಗಳುವ ಹಾಡು ಒಂದು, ಬಲೀಂದ್ರನ ಕಥೆಯದು ಒಂದು, ಗೋವುಗಳದು ಒಂದು, ಮನೆಯವರನ್ನು ಹರಸುವುದು ಮತ್ತೊಂದು. ರಾತ್ರಿ ಉದ್ದವಾಗಿದ್ದರೆ ಪುರಾಣದ ಕಥೆಗಳೂ ಸೇರಿಕೊಳ್ಳುತ್ತವೆ. ಯಾವ ಹಾಡನ್ನು ಎಲ್ಲಿ ಹಾಡಬೇಕು, ಯಾವುದರ ನಂತರ ಯಾವುದು ಬರಬೇಕು ಎಂಬ ಕ್ರಮವಿದೆ. ಮುಂದಿನವರು ಒಂದು ಸೊಲ್ಲನ್ನು ಎತ್ತಿಕೊಂಡರೆ ಹಿಂದಿನವರು ಅದನ್ನು ಹಿಡಿದು ಹಾಡಬೇಕು. ಕತ್ತಲೆಯಲ್ಲಿ, ಕಾಡುದಾರಿಯಲ್ಲಿ ನಡೆದು ಬಂದು, ಎಣ್ಣೆದೀಪದ ಮಿಣುಕು ಬೆಳಕಿನಲ್ಲಿ ನಿಂತು ಹಾಡುವವರಿಗೆ ಪುಸ್ತಕವನ್ನು ಬಿಡಿಸಿ ನೋಡುವ ಅವಕಾಶವೇ ಇಲ್ಲ. ಹಾಡು ನಾಲಗೆಯ ತುದಿಯಲ್ಲಿ ಇರಬೇಕು. ಒಬ್ಬನು ಮರೆತರೆ ಪಕ್ಕದವನು ಎತ್ತಿಕೊಡಬಲ್ಲನು. ಎಲ್ಲರೂ ಮರೆತರೆ ಬಾಗಿಲು ತೆರೆಸುವ ಹಾಡೇ ಇಲ್ಲದೆ ಬಾಗಿಲ ಮುಂದೆ ಸುಮ್ಮನೆ ನಿಲ್ಲಬೇಕಾಗುತ್ತದೆ.

ಇಂತಹ ಹಾಡುಗಾರಿಕೆ ಹಬ್ಬದ ದಿನ ಬೆಳಿಗ್ಗೆ ಕುಳಿತು ಸಂಜೆಯೊಳಗೆ ಕಲಿಯುವಂಥದಲ್ಲ. ತಂದೆಯ ಹಿಂದೆ ಮಗ, ಹಿರಿಯರ ಹಿಂದೆ ಕಿರಿಯರು ದನಿಗೂಡಿಸುತ್ತ ಸೊಲ್ಲು ಸೊಲ್ಲಾಗಿ ಅದನ್ನು ಕೂಡಿಸಿಕೊಳ್ಳಬೇಕು. ಸೊಪ್ಪು ತರುವಾಗ, ದನ ಮೇಯಿಸುವಾಗ, ಮಳೆಗಾಲದ ಸಂಜೆ ಒಲೆಯ ಮುಂದೆ ಕುಳಿತಾಗ ಗುನುಗಿಕೊಂಡು ಉಳಿಸಿಕೊಳ್ಳಬೇಕು. ‘ಹಾಡ್ತಾ ಹಾಡ್ತಾ ರಾಗ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಹಬ್ಬ ಬರುವುದು ವರ್ಷಕ್ಕೊಮ್ಮೆ. ಆದರೆ ಹಬ್ಬಕ್ಕೆ ಬೇಕಾದ ಹಾಡನ್ನು ಉಳಿಸುವುದು ವರ್ಷದ ಉಳಿದ ದಿನಗಳು.

ನಿತ್ಯಾಭ್ಯಾಸದಿಂದ ಮಾತನ್ನು ಕಾಪಾಡಿಕೊಂಡು ಬಂದ ಬಗೆಗೆ ನಮ್ಮ ದೇಶದಲ್ಲಿ ಇನ್ನೊಂದು ಹಿರಿಯ ನಿದರ್ಶನವಿದೆ. ಸಾವಿರಕ್ಕೂ ಮಿಕ್ಕಿ ಸೂಕ್ತಗಳಿರುವ ಋಗ್ವೇದವು ಬಹುಕಾಲ ಲಿಪಿಯ ನೆರವಿಲ್ಲದೆ ಕಂಠದಿಂದ ಕಂಠಕ್ಕೆ ಸಾಗಿಬಂದಿತು. ಅದಕ್ಕಾಗಿ ಅಧ್ಯಾಪಕರು ಕಂಡುಕೊಂಡ ಉಪಾಯ ಅದ್ಭುತವಾದುದು. ಮಂತ್ರವನ್ನು ಇದ್ದಂತೆ ಹೇಳುವುದು ಮೊದಲ ಹಂತ. ಪದಗಳನ್ನು ಬಿಡಿಬಿಡಿಯಾಗಿ ಹೇಳುವ ಪದಪಾಠ ಎರಡನೆಯದು. ಒಂದು ಪದವನ್ನು ಮುಂದಿನ ಪದದೊಡನೆ ಜೋಡಿಸುತ್ತ ಹೋಗುವ ಕ್ರಮಪಾಠ ಮೂರನೆಯದು. ಆ ಬಳಿಕ ಜಟೆ, ಘನ ಮುಂತಾದ ಕಠಿಣ ಪಾಠಗಳು ಬರುತ್ತವೆ. ಘನಪಾಠದಲ್ಲಿ ಮೊದಲ ಪದ ಒಂದು, ಮುಂದಿನವು ಎರಡು, ಮೂರು ಎಂದಿಟ್ಟುಕೊಂಡರೆ, ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂಬಂತೆ ಹಿಂದೆ ಮುಂದೆ ಹೇಳಬೇಕು. ಹೀಗೆ ಹೆಣೆದ ಮಾತಿನಲ್ಲಿ ಒಂದು ಅಕ್ಷರ ಜಾರಿದರೂ ಅಲ್ಲಿಯೇ ಸಿಕ್ಕಿಬೀಳುತ್ತದೆ. ಈ ವೇದಘೋಷ ಪರಂಪರೆಯನ್ನು ಯುನೆಸ್ಕೊ ಸಂಸ್ಥೆಯು 2003ರಲ್ಲಿ ಮನುಕುಲದ ಪರಂಪರೆಯ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಸಾರಿತು. ಇದರ ಮೂಲದಲ್ಲಿ ಇದ್ದುದು ಗುರುವಿನ ಮುಂದೆ ಪ್ರತಿದಿನ ಕುಳಿತು, ಹೊಸದನ್ನು ಸ್ವಲ್ಪ ಸೇರಿಸಿ, ಹಳೆಯದನ್ನು ತಪ್ಪದೆ ತಿರುವಿಹಾಕುವ ನಿಯಮ.

ಪಶ್ಚಿಮ ದೇಶಗಳಲ್ಲಿಯೂ ಇದಕ್ಕೆ ಹೋಲಿಕೆ ಇಲ್ಲದಿಲ್ಲ. ಫ್ರೀಮೇಸನ್‌ರೆಂಬವರದು ಸೋದರಭಾವದಿಂದ ಕೂಡಿದ ಒಂದು ಸಂಘ. ಅವರ ಮೊದಲ ಮಹಾ ಲಾಡ್ಜ್ ಲಂಡನ್ ನಗರದಲ್ಲಿ 1717ರಲ್ಲಿ ಸ್ಥಾಪಿತವಾಯಿತು; ನಮ್ಮ ದೇಶದಲ್ಲಿಯೂ ಅವರ ಲಾಡ್ಜುಗಳಿದ್ದು, ಭಾರತದ ಮಹಾ ಲಾಡ್ಜ್ 1961ರಲ್ಲಿ ಸ್ವತಂತ್ರವಾಗಿ ರೂಪುಗೊಂಡಿತು. ಹೊಸಬರನ್ನು ಸಂಘಕ್ಕೆ ಸೇರಿಸಿಕೊಳ್ಳುವಾಗ ನಡೆಸುವ ವಿಧಿಗಳಲ್ಲಿ ಬರುವ ದೀರ್ಘವಾದ ಮಾತುಗಳನ್ನು ಪುಸ್ತಕ ನೋಡದೆ ನೆನಪಿನಿಂದಲೇ ಹೇಳುವುದು ಅವರಲ್ಲಿ ಮರ್ಯಾದೆಯ ವಿಷಯ. ಇದನ್ನು ಅಭ್ಯಾಸ ಮಾಡಿಸುವುದಕ್ಕೆಂದೇ ಲಂಡನ್ನಿನಲ್ಲಿ 1823ರಲ್ಲಿ ಒಂದು ಕಲಿಕೆಯ ಲಾಡ್ಜ್ ಹುಟ್ಟಿಕೊಂಡಿತು. ಅದರ ಹೆಸರು ಎಮ್ಯುಲೇಷನ್ ಲಾಡ್ಜ್ ಆಫ್ ಇಂಪ್ರೂವ್‌ಮೆಂಟ್. ಯಾರೂ ಮಾತನ್ನು ಎತ್ತಿಕೊಡದೆ, ಯಾರೂ ತಿದ್ದಬೇಕಾಗಿಯೂ ಬರದೆ ಒಂದು ಇಡಿಯ ವಿಧಿಯನ್ನು ನಡೆಸಿದವರಿಗೆ ಅಲ್ಲಿ ಬೆಳ್ಳಿಯ ಬೆಂಕಿಪೊಟ್ಟಣವೊಂದನ್ನು ಕೊಡುವ ಸಂಪ್ರದಾಯವಿದೆ. ಆ ಸಂಘದವರು ಬಹುಮಟ್ಟಿಗೆ ಕಚೇರಿ, ವ್ಯಾಪಾರಗಳಲ್ಲಿ ತೊಡಗಿದ ಗೃಹಸ್ಥರು. ದಿನದ ಕೆಲಸದ ನಡುವೆ ಸ್ವಲ್ಪ ಹೊತ್ತನ್ನು ಬಿಡುವು ಮಾಡಿಕೊಂಡು, ಆಗಾಗ ಒಟ್ಟಿಗೆ ಕಲೆತು ಒಪ್ಪಿಸಿಕೊಂಡು ಅವರು ಅದನ್ನು ಸಾಧಿಸುತ್ತಾರೆ. ಮಲೆನಾಡಿನ ರೈತನಿಗೂ ಲಂಡನ್ನಿನ ಗುಮಾಸ್ತನಿಗೂ ವೇಷ, ಭಾಷೆ, ನಂಬಿಕೆಗಳಲ್ಲಿ ಯಾವ ಸಂಬಂಧವೂ ಇಲ್ಲ. ಆದರೂ ನೆನಪನ್ನು ಸಾಕುವ ದಾರಿ ಇಬ್ಬರಿಗೂ ಒಂದೇ ಆಗಿದೆ.

ಈ ದಾರಿಯೇ ಸರಿಯೆಂಬುದನ್ನು ವಿಜ್ಞಾನವೂ ತೋರಿಸಿಕೊಟ್ಟಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ಮಾಡಿಕೊಂಡು, ಅವನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು ನೋಡಿದನು. ಅವನ ಗ್ರಂಥ 1885ರಲ್ಲಿ ಪ್ರಕಟವಾಯಿತು. ಕಲಿತ ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತದೆ. ಅನಂತರ ಮರೆವಿನ ವೇಗ ಕಡಿಮೆಯಾಗುತ್ತ ಬರುತ್ತದೆ ಎಂಬುದು ಅವನು ಕಂಡ ಒಂದು ಸಂಗತಿ. ಇನ್ನೊಂದು ಸಂಗತಿ ಇದಕ್ಕಿಂತಲೂ ಉಪಯುಕ್ತವಾದುದು. ಹನ್ನೆರಡು ಅಕ್ಷರಗುಚ್ಛಗಳ ಪಟ್ಟಿಯನ್ನು ಒಂದೇ ದಿನ ಒಂದೇ ಸಮನೆ 68 ಸಲ ಹೇಳಿಕೊಂಡಾಗ ದೊರೆತ ಫಲ, ಮೂರು ದಿನಗಳಲ್ಲಿ ಹಂಚಿಕೊಂಡು ಬರಿಯ 38 ಸಲ ಹೇಳಿಕೊಂಡಾಗಲೂ ದೊರೆಯಿತು. ಶ್ರಮ ಅರ್ಧದಷ್ಟಕ್ಕೆ ಇಳಿಯುವ ಹತ್ತಿರ ಬಂದಿತು. ಫಲ ಮಾತ್ರ ಕುಂದಲಿಲ್ಲ. ಪರೀಕ್ಷೆಯ ಮುನ್ನಾ ದಿನ ನಿದ್ದೆಗೆಟ್ಟು ಓದುವ ವಿದ್ಯಾರ್ಥಿಗಳು ಈ ಎರಡು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಮತ್ತೊಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಓದಿದ ಮೇಲೆ ಪುಸ್ತಕವನ್ನು ಮುಚ್ಚಿ ನೆನಪಿಸಿಕೊಳ್ಳಲು ಯತ್ನಿಸಿದರು. ಐದು ನಿಮಿಷಗಳ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮೇಲಾಗಿದ್ದರು. ಒಂದು ವಾರದ ನಂತರ ಕೇಳಿದಾಗ ಫಲಿತಾಂಶ ತಿರುಗಿಬಿದ್ದಿತ್ತು. ನೆನಪಿಸಿಕೊಳ್ಳುವ ಕಷ್ಟವನ್ನು ಪಟ್ಟವರು ಬಹಳ ಮುಂದಿದ್ದರು. ಅಕ್ಷರವನ್ನೇ ಕಲಿಯದ ಹಾಡುಗಾರನಿಗೆ ಪುಸ್ತಕವನ್ನು ಮತ್ತೆ ಓದುವ ಸುಲಭದ ದಾರಿ ಇರಲಿಲ್ಲ. ಆದುದರಿಂದ ಅವನು ಪ್ರತಿಸಲವೂ ಹಾಡನ್ನು ತನ್ನೊಳಗಿನಿಂದಲೇ ಎತ್ತಿ ತರಬೇಕಾಯಿತು. ಆ ಅನಿವಾರ್ಯವೇ ಅವನ ನೆನಪನ್ನು ಗಟ್ಟಿಗೊಳಿಸಿತು.

ಬಾಯಿಪಾಠವನ್ನು ಆಕ್ಷೇಪಿಸುವವರ ಮೊದಲನೆಯ ಮಾತು ಅರ್ಥವನ್ನು ಕುರಿತದ್ದು. ಅರ್ಥವಾಗದ ಮಾತನ್ನು ಹೊತ್ತು ತಿರುಗುವುದರಿಂದ ಏನು ಪ್ರಯೋಜನ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಅರ್ಥವೆಂಬುದು ಒಂದೇ ದಿನ ಒಂದೇ ಗುಕ್ಕಿನಲ್ಲಿ ಕೈಗೆ ಬರುವ ವಸ್ತುವಲ್ಲ. ಬಲೀಂದ್ರನ ಹಾಡನ್ನು ಹತ್ತು ವರ್ಷದ ಹುಡುಗನು ಕುಣಿತದ ಲಯಕ್ಕಾಗಿ ಹಾಡುತ್ತಾನೆ. ಅವನೇ ಇಪ್ಪತ್ತರಲ್ಲಿ, ಕೊಟ್ಟ ಮಾತಿಗಾಗಿ ರಾಜ್ಯವನ್ನೇ ತೆತ್ತವನ ಕಥೆ ಅದೆಂದು ಅರಿಯುತ್ತಾನೆ. ಐವತ್ತರಲ್ಲಿ, ತನ್ನ ನೆಲವನ್ನು ತಾನೇ ಬಿಟ್ಟುಹೋಗಬೇಕಾಗಿ ಬಂದವನ ದುಃಖ ಅದರೊಳಗಿದೆಯೆಂದು ಅವನಿಗೆ ಹೊಳೆಯಬಹುದು. ಹಾಡು ನೆನಪಿನಲ್ಲಿ ಇದ್ದುದರಿಂದಲೇ ಅರ್ಥಕ್ಕೆ ಬಂದು ಸೇರಲು ಒಂದು ಮನೆ ದೊರೆಯಿತು. ಆದರೂ ಕಲಿಯುವವನು ಅರ್ಥವನ್ನು ಕೇಳಬೇಕು, ಕಲಿಸುವವನು ಬೇಸರವಿಲ್ಲದೆ ಹೇಳಬೇಕು. ಕೇಳದೆ ಕಲಿತದ್ದು ಕಾಲಾನಂತರ ಅಪಭ್ರಂಶವಾಗಿ, ಯಾರಿಗೂ ತಿಳಿಯದ ಶಬ್ದಗಳ ಮೂಟೆಯಾಗಿಬಿಡುತ್ತದೆ.

ಎರಡನೆಯ ಆಕ್ಷೇಪ ಈಚಿನದು. ಮೊಬೈಲಿನಲ್ಲಿ ಎಲ್ಲವನ್ನೂ ಮುದ್ರಿಸಿ ಇಟ್ಟುಕೊಳ್ಳಬಹುದಾದ ಈ ಕಾಲದಲ್ಲಿ ಮನುಷ್ಯನು ಏಕೆ ನೆನಪಿಡಬೇಕು ಎಂಬುದು ಆ ವಾದ. ಹಾಡುಗಳನ್ನು ಬರೆದಿಡುವುದು, ಧ್ವನಿಮುದ್ರಿಸಿಡುವುದು ಅತ್ಯಂತ ಅಗತ್ಯವಾದ ಕೆಲಸವೇ. ಹಾಗೆ ಮಾಡದಿದ್ದರೆ ಹಲವು ಹಾಡುಗಳು ಇಷ್ಟರಲ್ಲಿಯೇ ನಮ್ಮ ಕೈಬಿಟ್ಟು ಹೋಗುತ್ತಿದ್ದವು. ಆದರೆ ಯಂತ್ರವು ಹಾಡಿದಂತೆ ಹಾಡನ್ನು ಇಡುತ್ತದೆಯೇ ಹೊರತು, ಬಾಗಿಲಲ್ಲಿ ನಿಂತ ಹೊತ್ತನ್ನು ನೋಡಿ ಹಾಡುವುದನ್ನು ಅರಿಯದು. ಮನೆಯಲ್ಲಿ ಹೊಸ ಮಗು ಹುಟ್ಟಿದ್ದರೆ ಹರಕೆಯನ್ನು ಒಂದು ನುಡಿ ಹೆಚ್ಚಿಸಬೇಕು. ಸಾವಾಗಿದ್ದರೆ ದನಿಯನ್ನು ತಗ್ಗಿಸಬೇಕು. ಇದು ಹಾಡನ್ನು ಒಳಗೆ ಇಟ್ಟುಕೊಂಡವನಿಂದ ಮಾತ್ರ ಸಾಧ್ಯ. ಅದಲ್ಲದೆ, ಎಲ್ಲವೂ ಪೆಟ್ಟಿಗೆಯಲ್ಲಿದೆ ಎಂಬ ಧೈರ್ಯ ಬಂದ ಮೇಲೆ ಯಾರೂ ಪೆಟ್ಟಿಗೆಯನ್ನು ತೆರೆಯುವುದಿಲ್ಲವೆಂಬುದು ಲೋಕದ ಅನುಭವ.

ನೆನಪು ಕಡಿದುಹೋಗುವುದೆಂದರೆ ಏನೆಂಬುದನ್ನು ಶರಾವತಿಯ ದಡದ ಜನ ಬಲ್ಲರು. ನಾಡಿಗೆ ವಿದ್ಯುತ್ತನ್ನು ನೀಡುವುದಕ್ಕಾಗಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಅಲ್ಲಿನ ಸಂಸಾರಗಳು ಬೇರೆ ಬೇರೆ ಕಡೆಗಳಿಗೆ ಹಂಚಿಹೋದವು. ಗದ್ದೆಗೆ ಪರಿಹಾರವುಂಟು, ಮನೆಗೆ ಪರಿಹಾರವುಂಟು. ಆದರೆ ಒಟ್ಟಿಗೆ ಹಾಡುತ್ತಿದ್ದ ಹತ್ತು ಜನ ಹತ್ತು ಊರುಗಳ ಪಾಲಾದಾಗ ಅವರ ಹಾಡಿಗೆ ಯಾವ ಲೆಕ್ಕದಲ್ಲಿ ಪರಿಹಾರ? ಮುಂದಿನ ಸೊಲ್ಲನ್ನು ಬಲ್ಲವನು ಒಂದು ಕಡೆ, ಹಿಂದಿನಿಂದ ಹಿಡಿಯುವವನು ಇನ್ನೊಂದು ಕಡೆ. ಹೊಸ ನೆಲದಲ್ಲಿ ಮತ್ತೆ ದೀಪವನ್ನು ಹೊತ್ತಿಸಲು ಅವರ ಬಳಿ ಉಳಿದಿದ್ದುದು ಬಾಯಲ್ಲಿ ಇದ್ದಷ್ಟು ಮಾತ್ರ. ಇಂದು ಅಣೆಕಟ್ಟಿನ ಕಾರಣವಿಲ್ಲದೆಯೂ ಅಂತಹ ಚದುರುವಿಕೆ ನಡೆಯುತ್ತಿದೆ. ವಿದ್ಯೆಗಾಗಿ, ಉದ್ಯೋಗಕ್ಕಾಗಿ ಯುವಕರು ಶಿವಮೊಗ್ಗಕ್ಕೆ, ಬೆಂಗಳೂರಿಗೆ ಹೋಗುತ್ತಾರೆ. ಅವರನ್ನು ತಡೆಯುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ಹಾಡನ್ನು ಬರಿದೆ ಕೇಳುವವರಾಗಿ ನಿಲ್ಲುತ್ತಾರೋ, ಹಾಡಬಲ್ಲವರಾಗಿ ನಿಲ್ಲುತ್ತಾರೋ ಎಂಬುದಷ್ಟೇ ಪ್ರಶ್ನೆ. ಅದು ಅವರು ಹೊರಗಿದ್ದಾಗ ದಿನಕ್ಕೆ ಹತ್ತು ನಿಮಿಷವನ್ನು ಹೇಗೆ ಕಳೆದರೆಂಬುದನ್ನು ಅವಲಂಬಿಸಿದೆ.

ಹಳೆಯದನ್ನು ಹೊಗಳುವಾಗ ಅದರ ಕುಂದನ್ನು ಮರೆಮಾಚುವುದು ಸಲ್ಲದು. ವೇದಪಾಠವು ಹೆಣ್ಣುಮಕ್ಕಳಿಗೂ ಸಮಾಜದ ಬಹುಪಾಲು ಜನರಿಗೂ ಶತಮಾನಗಳ ಕಾಲ ಮುಚ್ಚಿದ ಬಾಗಿಲಾಗಿತ್ತು. ದೀಪ ಹೊತ್ತು ಹೋಗುವ ತಂಡಗಳೂ ಗಂಡಸರವೇ. ಆದರೆ ಮದುವೆಯ ಹಸೆಹಾಡು, ಬೀಸುವ ಹಾಡು, ತೊಟ್ಟಿಲ ಹಾಡುಗಳನ್ನು ಕಾಪಾಡಿದ ಹೆಂಗಸರ ನೆನಪು ಯಾರ ನೆನಪಿಗೂ ಕಡಿಮೆಯದಾಗಿರಲಿಲ್ಲ. ಕೆಲವರಿಗಷ್ಟೇ ಮೀಸಲಾದ ನೆನಪು ಆ ಕೆಲವರೊಂದಿಗೆ ಅಳಿದುಹೋಗುತ್ತದೆ. ಶಾಲೆಯ ಅಂಗಳದಲ್ಲಿ ಹುಡುಗರೂ ಹುಡುಗಿಯರೂ, ಎಲ್ಲ ಮನೆತನಗಳ ಮಕ್ಕಳೂ ಈ ಹಾಡುಗಳನ್ನು ಕಲಿಯುವಂತಾದರೆ ಹಾಡಿಗೆ ಮೈಲಿಗೆಯಾಗದು. ಅದರ ಆಯುಸ್ಸು ಹೆಚ್ಚೀತು.

ಆದುದರಿಂದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಮ್ಮ ಊರಿನ ಹಿರಿಯರೊಬ್ಬರಿಂದ ಒಂದು ಹಾಡನ್ನು ಕೇಳಿ ಬರೆದುಕೊಳ್ಳಬೇಕು. ಒಂದು ದಿನಕ್ಕೆ ಎರಡು ಸಾಲುಗಳಿಗಿಂತ ಹೆಚ್ಚು ಕಲಿಯಬಾರದು. ಮರುದಿನ ಹಾಳೆಯನ್ನು ನೋಡುವ ಮೊದಲು ಹಿಂದಿನ ದಿನದ ಸಾಲುಗಳನ್ನು ಗಟ್ಟಿಯಾಗಿ ಹೇಳಿನೋಡಬೇಕು. ಎಡವಿದ ಕಡೆ ಮಾತ್ರ ಹಾಳೆಯನ್ನು ನೋಡಬೇಕು. ತಿಳಿಯದ ಪದದ ಅರ್ಥವನ್ನು ಆ ಹಿರಿಯರನ್ನೇ ಕೇಳಬೇಕು. ವಾರಕ್ಕೊಮ್ಮೆ ಗೆಳೆಯರೊಡನೆ ಕುಳಿತು ಒಬ್ಬರಿಗೊಬ್ಬರು ಒಪ್ಪಿಸಬೇಕು. ಎಡವಿದವನನ್ನು ನಗದೆ ತಿದ್ದಬೇಕು. ದಿನಕ್ಕೆ ಎರಡು ಸಾಲಾದರೆ ಎರಡು ತಿಂಗಳಿಗೆ 120 ಸಾಲುಗಳಾದವು. ನಡುವೆ ಅರ್ಧದಷ್ಟು ದಿನ ತಪ್ಪಿದರೂ 60 ಸಾಲುಗಳು ಉಳಿದವು. ಹನಿ ಹನಿ ಕೂಡಿದರೆ ಹಳ್ಳವೆಂಬ ಮಾತು ಮಲೆನಾಡಿನ ಮಳೆಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಹೀಗೆ ಕಲಿತವನಿಗೆ ಪದ್ಯವಾಗಲಿ, ಗಣಿತದ ಸೂತ್ರವಾಗಲಿ, ಇತಿಹಾಸದ ಇಸವಿಯಾಗಲಿ ಭಾರವಾಗದು. ಅದಕ್ಕಿಂತ ಮಿಗಿಲಾಗಿ, ಮುಂದಿನ ದೀಪಾವಳಿಯಲ್ಲಿ ಮುಪ್ಪಿನ ಹಾಡುಗಾರನೊಬ್ಬನು ಉಸಿರು ಸಾಲದೆ ಅರ್ಧದಲ್ಲಿ ನಿಂತಾಗ, ಹಿಂದಿನಿಂದ ಒಂದು ಎಳೆಯ ದನಿ ಮುಂದಿನ ಸೊಲ್ಲನ್ನು ಎತ್ತಿಕೊಳ್ಳುತ್ತದೆ.